ಇದ್ದದ್ದು ಒಂದೇ ರನ್‌ವೇ

"ನಾನು ಚೆನ್ನಾಗಿದ್ದೀನಿ" ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಊರಿನಿಂದ ಅಕ್ಕ ಫೋನ್ ಮಾಡಿ "ನಾವೆಲ್ಲ ಚೆನ್ನಾಗಿದ್ದೀವಿ ಕಣೇ" ಅಂದರೆ ಸಾಕು, "ಯಾರು ನೋಡಿ ಹೇಳಿದ್ದು?" ಎಂದು ಜಗಳಕ್ಕೇ ನಿಲ್ಲುತ್ತೇನೆ. ದೆಹಲಿಯ ಬಿಸಿಲಿಗೆ ಇವಳ ತಲೆ ಕೆಟ್ಟಿದೆ ಎಂದು ಅಕ್ಕನಿಗೆ ಖಾತ್ರಿಯಾಗಿದೆ. ಕೆಟ್ಟಿರುವುದು ನಿಜ. ಕೆಡಿಸಿದ್ದು ಮಾತ್ರ ಬಿಸಿಲಲ್ಲ, ಒಬ್ಬ ನಿವೃತ್ತ ಫೈಟರ್ ಪೈಲಟ್.

ಅವರ ಹೆಸರು ಬರೆಯಲು ಕೈ ಬರುತ್ತಿಲ್ಲ. ಬರೆದರೆ ಎಲ್ಲಿಂದಲೋ ಹಿಂದಿನಿಂದ ಬಂದು "ಇದೆಲ್ಲ ನಿನಗ್ಯಾಕೆ ಬೇಕಿತ್ತು ತಂಗಿ?" ಅನ್ನುತ್ತಾರೆ ಎನಿಸುತ್ತದೆ. ತರಕಾರಿ ಗಾಡಿಯವನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು 'ವಿಂಗ್ ಕಮಾಂಡರ್ ಸಾಬ್'. ನನಗೆ 'ಸರ್'. ಇಲ್ಲಿಯೂ ಅಷ್ಟೇ ಇರಲಿ.

ನಾವಿರುವುದು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ನಮ್ಮವರೂ ನಾನೂ ಕೇಂದ್ರ ಸರ್ಕಾರದ ಬೇರೆ ಬೇರೆ ಕಚೇರಿಗಳಲ್ಲಿ ಕುರ್ಚಿ ಸವೆಸುವವರು. ಸರ್ ಇದ್ದದ್ದು ದೊಡ್ಡ ರಸ್ತೆಯ ಆಚೆಗಿನ ಫ್ಲ್ಯಾಟಿನಲ್ಲಿ, ಒಬ್ಬರೇ. ಅವರು ಮೊದಲು ಸಿಕ್ಕಿದ್ದು ನಮ್ಮ ಸೆಕ್ಟರಿನ ಪಾರ್ಕಿನಲ್ಲಿ, ಒಂದು ಚಳಿಗಾಲದ ಬೆಳಗ್ಗೆ. ಊರಿನಿಂದ ಬಂದ ಕಾಫಿಪುಡಿಯನ್ನು ಮೇಲಿನ ಮನೆಯವರಿಗೆ ದಾನ ಮಾಡಿದ್ದಕ್ಕೆ ನಾನು ನಮ್ಮವರ ಮೇಲೆ ಹರಿಹಾಯುತ್ತ ನಡೆಯುತ್ತಿದ್ದೆ. ಕನ್ನಡದಲ್ಲಿ ಬೈದರೆ ಸುತ್ತಲಿನವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ ನೋಡಿ, ಚೂರೂ ದನಿ ತಗ್ಗಿಸಿರಲಿಲ್ಲ. ಆಗ ಬೆನ್ನ ಹಿಂದಿನಿಂದ ಒಂದು ಗಂಡುದನಿ:

"ತಂಗೀ, ನಿಮ್ಮ ಸ್ವೆಟರ್ ಉಲ್ಟಾ ಆಗಿದೆ."

ತಿರುಗಿ ನೋಡಿದರೆ ಎತ್ತರದ, ನೆಟ್ಟಗಿನ ಆಸಾಮಿ. ಬಿಳಿ ಮೀಸೆ, ಕನ್ನಡಿಯಂಥ ಬೂಟು. ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು.

"ಎಷ್ಟು ಹೊತ್ತಿಂದ ನೋಡ್ತಿದ್ದೀರಿ?"

"ಎರಡು ಸುತ್ತಾಯ್ತು. ಕಾಫಿಪುಡಿ ವಿಷಯ ಮುಗೀಲಿ ಅಂತ ಕಾದೆ. ಮುಗಿಯೋ ಹಾಗೆ ಕಾಣಲಿಲ್ಲ."

ನಮ್ಮವರು ಗೊಳ್ಳೆಂದು ನಕ್ಕರು. ಗಂಡ ಎನ್ನುವ ಪ್ರಾಣಿ ಒಂದೇ ಪಾರ್ಕಿನಲ್ಲಿ ಜೊತೆಗೇ ನಡೆದರೂ ಹೆಂಡತಿಯ ಸ್ವೆಟರ್ ನೋಡುವುದಿಲ್ಲ, ಅದು ಬೇರೆ ಮಾತು. ಅಂದಿನಿಂದ ಸರ್ ನಮ್ಮ ಜೊತೆ ನಡೆಯತೊಡಗಿದರು. ಜೊತೆ ಎಂದರೆ ಪಕ್ಕದಲ್ಲಲ್ಲ. ಸದಾ ನಾಲ್ಕು ಹೆಜ್ಜೆ ಹಿಂದೆ, ಸ್ವಲ್ಪ ಬಲಕ್ಕೆ. "ಮುಂದೆ ಬನ್ನಿ ಸರ್, ದೊಡ್ಡವರು ಹಿಂದೆ ನಡೆಯೋದು ಚೆನ್ನಾಗಿರಲ್ಲ" ಎಂದು ನಮ್ಮವರು ಎಷ್ಟು ಕರೆದರೂ ಬರುತ್ತಿರಲಿಲ್ಲ. "ನಂದು ಇದೇ ಜಾಗ ರಾಯರೇ. ನೀವು ಮಾತಾಡಿ, ನನಗೆ ಕೇಳಿಸ್ತದೆ" ಎನ್ನುತ್ತಿದ್ದರು. ತಿರುಗಿ ತಿರುಗಿ ಮಾತಾಡಿ ನನ್ನ ಕುತ್ತಿಗೆ ಉಳುಕಿದ್ದೂ ಇದೆ.

ಅವರು ದುರ್ಗದ ಕಡೆಯವರು. ಹದಿನಾರು ತುಂಬುವ ಹೊತ್ತಿಗೆ ಸೈನ್ಯದ ತರಬೇತಿಗೆಂದು ಊರು ಬಿಟ್ಟವರು ಮತ್ತೆ ಅಲ್ಲಿ ನೆಲೆಸಲೇ ಇಲ್ಲ. ಹಾಗಾಗಿ ಅವರ ಕನ್ನಡವೂ ಹದಿನಾರಕ್ಕೇ ನಿಂತುಬಿಟ್ಟಿತ್ತು. ಬುಗುರಿ, ಗೋಲಿ, ಚಿನ್ನಿದಾಂಡು, ಕದ್ದ ಸೀತಾಫಲ, ಇವುಗಳಿಗೆಲ್ಲ ಬಾಯಿತುಂಬ ಕನ್ನಡ. ಮದುವೆ, ಬಡ್ತಿ, ಕಾಯಿಲೆ, ಸಾವು ಎಂದರೆ ಇಂಗ್ಲಿಷು ಇಲ್ಲವೇ ಹಿಂದಿ. ಅರವತ್ತು ದಾಟಿದ ಗಂಡಸು "ಅವನು ನನಗೆ ಆಟದಲ್ಲಿ ಮೋಸ ಮಾಡ್ದ" ಎಂದು ತನ್ನ ಹಳೆಯ ಮೇಲಧಿಕಾರಿಯ ಬಗ್ಗೆ ದೂರು ಹೇಳುವುದನ್ನು ಕೇಳುವುದೇ ಒಂದು ಚಂದ.

ಹಿಂದೆ ನಡೆಯುವುದರ ಗುಟ್ಟನ್ನು ಒಂದು ದಿನ ಅವರೇ ಬಿಡಿಸಿ ಹೇಳಿದರು. ಯುದ್ಧವಿಮಾನಗಳು ಜೋಡಿಯಾಗಿ ಹೋಗುತ್ತವಂತೆ. ಮುಂದಿನವನು ಲೀಡರ್, ಹಿಂದಿನವನು ನಂಬರ್ ಟೂ. ಲೀಡರ್ ಗುರಿ ನೋಡಬೇಕು, ನಂಬರ್ ಟೂ ಲೀಡರನ್ನು ನೋಡಬೇಕು. ದಾಳಿ ಮುಗಿಸಿ ವಾಪಸಾಗುವಾಗ ಒಬ್ಬರ ವಿಮಾನದ ಕೆಳಗೆ ಇನ್ನೊಬ್ಬರು ಸರಿದು, ತಲೆಯೆತ್ತಿ, ಏಟು ಬಿದ್ದಿದೆಯೋ, ಎಣ್ಣೆ ಸೋರುತ್ತಿದೆಯೋ ಎಂದು ನೋಡಿ ಹೇಳಬೇಕು.

"ಒಳಗೆ ಕೂತವನಿಗೆ ಮೀಟರಿನ ಮುಳ್ಳೆಲ್ಲ ಸರಿಯಾಗೇ ತೋರಿಸ್ತಿರ್ತವೆ ತಂಗಿ. ಹೊಟ್ಟೆಯಲ್ಲಿ ಇಷ್ಟು ದೊಡ್ಡ ತೂತು ಇರ್ತದೆ. ತನ್ನ ಹೊಟ್ಟೆ ತನಗೆ ಕಾಣೋದಿಲ್ಲ. ಇನ್ನೊಬ್ಬ ನೋಡಿ ಹೇಳ್ಬೇಕು."

ವಾಯುಪಡೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಈ ಚಾಳಿ ಬಿಟ್ಟಿರಲಿಲ್ಲ. ಅವರ ಮನೆಗೆ ಹೋದರೆ, ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ನಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದರು. "ಚೀಲದ ಜಿಪ್ಪು ತೆಗೆದಿದೆ." "ಸೆರಗಿಗೆ ಅರಿಶಿನ." ಬಾಳೆಹಣ್ಣಿನವನಿಗೆ "ಭಯ್ಯಾ, ಪೀಛೆ ಕಾ ಪಹಿಯಾ ದೇಖೋ", ಹಿಂದಿನ ಗಾಲಿ ನೋಡಿಕೋ, ಎಂದು ಕೂಗಿ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ನಮ್ಮ ಬ್ಲಾಕಿನ ಅಂಡರ್ ಸೆಕ್ರೆಟರಿಯೊಬ್ಬರಿಗೆ ಹತ್ತು ಜನರ ನಡುವೆ ಪ್ಯಾಂಟಿನ ಹಿಂದಿನ ಹೊಲಿಗೆ ಬಿಟ್ಟಿದೆ ಎಂದು ಹೇಳಿದ ಮೇಲೆ ಆ ಪುಣ್ಯಾತ್ಮ ಪಾರ್ಕಿಗೆ ಬರುವುದನ್ನೇ ಬಿಟ್ಟರು. ಎಲ್ಲ ಸರಿಯಿದ್ದಾಗಲೂ "ಸರಿಯಾಗಿದೆ" ಎಂದು ಅವರ ಬಾಯಲ್ಲಿ ಬರುತ್ತಿರಲಿಲ್ಲ. "ನನಗೆ ಕಂಡಷ್ಟು ಸರಿಯಾಗಿದೆ" ಎನ್ನುತ್ತಿದ್ದರು.

ಅವರ ಹಳೆಯ ಮಾರುತಿ ಕಾರಿನದ್ದು ಇನ್ನೊಂದು ಕಥೆ. ಅದು ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು, ಮನೆಮನೆಯ ಮುಂದೆ ಆರತಿಗೆ ನಿಲ್ಲುವ ತೇರಿನ ಹಾಗೆ. ಕಾಲೋನಿಯ ಗೇಟಿಗೆ ಬಂದಾಗ ಸರ್ ಅದನ್ನು ಪಕ್ಕಕ್ಕೆ ಹಾಕಿ, ಹಿಂದೆ ಬಂದ ಕಾರು, ಸ್ಕೂಟರು, ಕೊನೆಗೆ ಗ್ಯಾಸ್ ಸಿಲಿಂಡರಿನ ಸೈಕಲ್ ಗಾಡಿಯನ್ನೂ ಮುಂದೆ ಬಿಟ್ಟು ತಾವು ಕಡೆಯಲ್ಲಿ ಒಳಗೆ ಹೋಗುತ್ತಿದ್ದರು. ಒಂದು ಸಲ ತರಕಾರಿ ಚೀಲ ಹಿಡಿದು ಒಳಗೆ ಕೂತಿದ್ದ ನನಗೆ ರೇಗಿಹೋಯಿತು.

"ಏನ್ಸರ್ ಇದು, ಮದುವೆ ದಿಬ್ಬಣ ಕಳಿಸ್ತಿದ್ದೀರಾ?"

"ಕೆಟ್ಟ ಗಾಡಿ ಕೊನೆಗೇ ಹೋಗ್ಬೇಕಮ್ಮ. ನಾನು ಮೊದಲು ನುಗ್ಗಿ ಗೇಟಲ್ಲೇ ನಿಂತುಬಿಟ್ಟರೆ ಹಿಂದಿನವರ ಗತಿ? ಇರೋದು ಒಂದೇ ಗೇಟು."

ಆಗ ನಾನು ಹಣೆ ಚಚ್ಚಿಕೊಂಡು ನಕ್ಕಿದ್ದೆ.

ಅವರ ಹೆಂಡತಿ ಅಂಬಾಲಾ ಕಡೆಯ ಪಂಜಾಬಿ. ನಾವು ಪರಿಚಯವಾಗುವ ಹೊತ್ತಿಗೆ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಸರ್‌ಗೆ ನಡುವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದು ಹಾರಾಟ ನಿಂತುಹೋಗಿತ್ತು. ಮುಂದೆಲ್ಲ ಮೇಜಿನ ಕೆಲಸ. "ಶತ್ರು ಇಳಿಸಲಿಲ್ಲ ತಂಗಿ, ಜಿಲೇಬಿ ಇಳಿಸ್ತು" ಎಂದು ನಗಿಸುತ್ತಿದ್ದರು. ಹೆಂಡತಿ ಇದ್ದಾಗ ದಿನಾ ಮಲಗುವ ಮುಂಚೆ ಅವರ ಎರಡೂ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಟಾರ್ಚ್ ಬಿಟ್ಟು ಅಡಿಯನ್ನು ನೋಡುತ್ತಿದ್ದರಂತೆ. ಸಕ್ಕರೆಯವರಿಗೆ ಕಾಲಿಗೆ ಗಾಜು ಹೊಕ್ಕರೂ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ. "ಮನೇಲಿ ಅವಳೇ ನನ್ನ ನಂಬರ್ ಟೂ" ಎಂದು ಹೇಳಿ ಸರ್ ಕಾಫಿ ಲೋಟದೊಳಗೆ ನೋಡುತ್ತ ಕೂತರು. ಈಗ ಯಾರು ನೋಡುತ್ತಾರೆ ಎಂದು ನಮಗಿಬ್ಬರಿಗೂ ಕೇಳಲು ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿದ್ದೆವೋ ಇಲ್ಲವೋ. ಹಿರಿಯರ ಪಾದ ಮುಟ್ಟುವುದು ನಮಗೆ ಗೊತ್ತು, ಪಾದ ತಿರುಗಿಸಿ ಅಡಿ ತೋರಿಸಿ ಎಂದು ಯಾರು ಕೇಳುತ್ತಾರೆ? ತೋರಿಸುವವರಾದರೂ ಯಾರು?

ಯುದ್ಧದ ಕಥೆ ಹೇಳಿ ಎಂದರೆ ಜಾರಿಕೊಳ್ಳುತ್ತಿದ್ದರು. ಒಮ್ಮೆ ನಮ್ಮ ಮಗಳ ಶಾಲೆಗೆ ಗಣರಾಜ್ಯೋತ್ಸವಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದೆವು. ಮಕ್ಕಳು "ಅಂಕಲ್, ಆಪ್‌ನೆ ಕಿತ್ನೇ ಪ್ಲೇನ್ ಗಿರಾಯೇ?", ಎಷ್ಟು ವಿಮಾನ ಬೀಳಿಸಿದಿರಿ, ಎಂದು ಮುತ್ತಿಕೊಂಡವು. "ಏಕ್ ಭೀ ನಹೀಂ ಬೇಟಾ, ಮೈಂ ತೋ ದೇಖ್‌ನೇ ವಾಲಾ ಥಾ" ಅಂದರು. ಒಂದೂ ಇಲ್ಲ, ನಾನು ನೋಡುವವನಾಗಿದ್ದೆ, ಅಷ್ಟೆ. ಮಕ್ಕಳ ಮುಖ ಬಾಡಿಹೋಯಿತು. ನನ್ನ ಮಗಳಂತೂ ಮನೆಗೆ ಬಂದು "ಮಮ್ಮಾ, ಬಹುತ್ ಬೋರಿಂಗ್ ಆಯ್ತು" ಎಂದು ತೀರ್ಪು ಕೊಟ್ಟಳು.

ಆ ಕಥೆ ಹೊರಬಿದ್ದದ್ದು ನಮ್ಮವರಿಂದ.

ಅದೂ ಚಳಿಗಾಲವೇ. ನಡೆದು ಮುಗಿಸಿ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದಾಗ ಸರ್ ತಟ್ಟೆ ಕೆಳಗಿಟ್ಟು, "ರಾಯರೇ, ನಿಮ್ಮ ಎಡಗಾಲು ನೆಲ ಸವರ್ತಿದೆ. ಒಂದು ವಾರದಿಂದ ನೋಡ್ತಿದ್ದೀನಿ. ಡಾಕ್ಟರ ಹತ್ರ ಹೋಗಿ" ಎಂದರು. ನಮ್ಮವರು ನಕ್ಕು, "ಅಯ್ಯೋ ಬಿಡಿ ಸರ್, ಚಪ್ಪಲಿ ಸವೆದಿದೆ. ನಾನು ಚೆನ್ನಾಗಿದ್ದೀನಿ" ಎಂದುಬಿಟ್ಟರು.

ಸರ್ ಮುಖ ಕಪ್ಪಿಟ್ಟಿತು. ನಾನು ಅವರ ಆ ಮುಖವನ್ನು ಅದುವರೆಗೆ ನೋಡಿರಲಿಲ್ಲ.

"ಅದೇ ಮಾತು ರಾಯರೇ. ಅದೇ ಮಾತು ನಂಬಿ ಒಬ್ಬರನ್ನ ಕಳಕೊಂಡಿದ್ದೀನಿ" ಎಂದು ಶುರು ಮಾಡಿದರು.

ಎಪ್ಪತ್ತೊಂದರ ಯುದ್ಧ. ಸರ್ ಆಗ ಇಪ್ಪತ್ತೈದರ ಹುಡುಗ, ನಂಬರ್ ಟೂ. ಅವರ ಲೀಡರ್ ಅವರಿಗಿಂತ ಕೆಲವೇ ವರ್ಷ ದೊಡ್ಡವರು, ಕೈಹಿಡಿದು ಕೆಲಸ ಕಲಿಸಿದವರು, ತಮ್ಮ ಮನೆಯಿಂದ ಈ ಹುಡುಗನಿಗೆ ಊಟ ತಂದುಕೊಡುತ್ತಿದ್ದವರು. ಗಡಿಯಾಚೆ ದಾಳಿ ಮುಗಿಸಿ ಇಬ್ಬರೂ ತಿರುಗಿದರು. ಕೆಳಗಿನಿಂದ ಗುಂಡಿನ ಮಳೆಯೇ ಬಂದಿತ್ತು. ನಮ್ಮ ನೆಲದ ಮೇಲೆ ಬಂದ ಕೂಡಲೇ ಲೀಡರ್ ಈ ಹುಡುಗನ ವಿಮಾನದ ಕೆಳಗೆ ಸರಿದು ನೋಡಿ, "ನೀನು ಕ್ಲೀನ್" ಅಂದರು. ಇನ್ನು ಇವರ ಸರದಿ.

"'ಸರ್, ಈಗ ನಿಮ್ಮದು ನೋಡ್ತೀನಿ' ಅಂತ ರೇಡಿಯೋದಲ್ಲಿ ಅಂದೆ. 'ಬೇಡ, ಐ ಆಮ್ ಫೈನ್. ನಿನ್ನ ಇಂಧನ ಎಷ್ಟಿದೆ?' ಅಂದ್ರು. ತಳ ಮುಟ್ಟಿತ್ತು. ಹೇಳ್ದೆ. 'ಹಾಗಾದ್ರೆ ನನ್ನ ಸುತ್ತ ತಿರುಗ್ತಾ ಕೂರಬೇಡ, ನೀನು ಮೊದಲು ಇಳಿ' ಅಂದ್ರು. ಅವರ ಮಾತು ಮೀರೋದುಂಟಾ? ಇಳಿದೆ. ರನ್‌ವೇಯಿಂದ ಪಕ್ಕಕ್ಕೆ ತಿರುಗಿಸಿ ಹಿಂದೆ ನೋಡಿದ್ರೆ ನಮ್ಮ ಸರ್ ಬರ್ತಿದ್ರು. ಹೊಟ್ಟೆ ಕೆಳಗೆ ಉದ್ದಕ್ಕೆ ಬೆಂಕಿ. ನೆಲ ಮುಟ್ಟಿದ್ದೇ ತಡ..."

ಕುಕ್ಕರಿನ ಸೀಟಿಗೆ ನಾನು ಬೆಚ್ಚಿಬಿದ್ದೆ.

"ನಾನು ನೋಡಿದ್ರೆ ಹೇಳ್ತಿದ್ದೆ. 'ಹಾರಿಕೊಳ್ಳಿ ಸರ್' ಅಂತ ಕಿರುಚ್ತಿದ್ದೆ. ಪ್ಯಾರಾಶೂಟಲ್ಲಿ ಇಳಿದು ಬದುಕ್ತಿದ್ರು. ನನ್ನ ಕೆಲಸ ಇದ್ದದ್ದೇ ಒಂದು, ನೋಡೋದು. ಅದನ್ನ ಮಾಡಲಿಲ್ಲ. ಈಗ ನೀವು ಚಪ್ಪಲಿ ಸವೆದಿದೆ ಅಂತೀರಿ."

ಮೂವತ್ತು ವರ್ಷಕ್ಕೂ ಮೀರಿ ಆ ಮನುಷ್ಯ ಇದನ್ನು ಹೊತ್ತುಕೊಂಡು, ಊರವರ ಸ್ವೆಟರು, ಚೀಲ, ಗಾಡಿಯ ಗಾಲಿ ನೋಡುತ್ತ ತಿರುಗಿದ್ದರು. ನಾವು ಅದಕ್ಕೆ ನಗುತ್ತಿದ್ದೆವು. ನಮ್ಮವರು ಮರುದಿನವೇ ಡಾಕ್ಟರ ಹತ್ತಿರ ಹೋದರು.

ಮಿದುಳಿನ ಹೊದಿಕೆಯ ಮೇಲೆ ಗಡ್ಡೆ. ಕೆಟ್ಟದ್ದಲ್ಲ, ಆದರೆ ಬೇಗ ತೆಗೆಯಬೇಕು, ತಡವಾದರೆ ಕಾಲು ಮಾತ್ರವಲ್ಲ, ಇನ್ನೂ ಏನೇನೋ ಹೋಗುತ್ತದೆ ಎಂದರು. ನನಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಜಾತ್ರೆ, ಸಾಲು, ಕಿಟಕಿ, ಮತ್ತೆ ಸಾಲು. ಊರಿನಿಂದ ಬರುವವರಿಗೆ ಹಿಂದಿ ಬರದು, ಮಗಳಿಗೆ ಪರೀಕ್ಷೆ. ಆ ದಿನಗಳಲ್ಲಿ ನಮಗೆ ಇದ್ದವರು ಸರ್ ಒಬ್ಬರೇ. ಬೆಳಕು ಹರಿಯುವ ಮುಂಚೆ ಹೋಗಿ ಸಾಲಿನಲ್ಲಿ ನಿಲ್ಲುವುದು, ಸ್ಕ್ಯಾನಿನ ವರದಿ ತರುವುದು, ರಕ್ತ ಕೊಡುವ ಹುಡುಗರನ್ನು ಒಟ್ಟುಮಾಡುವುದು, ಹೊರಗಿನ ಅಂಗಡಿಯಿಂದ ಔಷಧಿ, ನನಗೆ ಚಹಾ. ಆ ಉದ್ದುದ್ದ ಮೊಗಸಾಲೆಗಳಲ್ಲಿ ಅವರ ಬೂಟಿನ ಸದ್ದು ಕೇಳಿದರೆ ನನಗೆ ಅರ್ಧ ಜೀವ ಬರುತ್ತಿತ್ತು.

ಅದನ್ನು ಮೊದಲು ಗಮನಿಸಿದ್ದು ಮಗಳು. "ಮಮ್ಮಾ, ಅಂಕಲ್ ಲಂಗಡಾ ರಹೇ ಹೈಂ, ದೇಖೋ ನಾ." ಹೌದು, ಸ್ವಲ್ಪ ಕುಂಟುತ್ತಿದ್ದರು. ಕೇಳಿದೆ.

"ಹೊಸ ಬೂಟು ಕಚ್ತಿದೆ ತಂಗಿ. ನಾನು ಚೆನ್ನಾಗಿದ್ದೀನಿ. ನೀನು ಮೊದಲು ರಾಯರನ್ನ ನೋಡು."

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಕಣ್ಣು ನೆಟ್ಟು ಕೂತಿದ್ದ ಹೆಂಗಸು ನಾನು. ಆ ಮಾತು ಕಿವಿಯ ಮೇಲೆ ಬಿದ್ದು ಜಾರಿಹೋಯಿತು.

ಗಡ್ಡೆ ತೆಗೆದರು. ನಮ್ಮವರು ಉಳಿದರು. ಆದರೆ ಎಡಗಾಲಿಗೆ ಬಲ ಬರಬೇಕಾದರೆ ದಿನಾ ನಡೆಸಬೇಕು ಎಂದರು. ನನಗೆ ರಜೆ ಮುಗಿದಿತ್ತು. ದಿನಾ ಬೆಳಗ್ಗೆ ಸಂಜೆ ಸರ್ ಬಂದು ಇವರ ಕೈಗೆ ಕೋಲು ಕೊಟ್ಟು ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಮುಂದೆ ಇವರು ಕೋಲೂರಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಬಲಕ್ಕೆ ಸರ್. "ಎಡಗಾಲು ಎತ್ತಿ ರಾಯರೇ, ಎತ್ತಿ, ನೆಲ ಸವರಬೇಡಿ" ಎನ್ನುವ ಅವರ ದನಿ ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ಯುಗಾದಿಯ ದಿನ ಸರ್‌ಗೆ ನಮ್ಮಲ್ಲೇ ಊಟ. ಬೂಟು ಬಾಗಿಲಲ್ಲಿ ಬಿಟ್ಟರು, ಕಾಲುಚೀಲ ಮಾತ್ರ ಎಂದಿನಂತೆ ತೆಗೆಯಲಿಲ್ಲ. ಬೇವು ಬೆಲ್ಲ ಕೊಟ್ಟು, ನಾನೂ ನಮ್ಮವರೂ ಅವರ ಕಾಲಿಗೆ ಬಗ್ಗಿದೆವು. ನಾನು ಎರಡೂ ಪಾದ ಹಿಡಿದುಕೊಂಡೆ. ಹಿಡಿಯದೆ? ನನ್ನ ಕುಂಕುಮ ಉಳಿಸಿದ ಕಾಲು ಅದು. ಸರ್ ಎಡಗಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡು, "ಏಳಮ್ಮ, ಏಳು, ಇದೆಲ್ಲ ಬೇಡ" ಎಂದರು. ಸಂಕೋಚ ಎಂದುಕೊಂಡೆ. ಮನೆಯೊಳಗೆ ಏನೋ ಔಷಧಿಯ ವಾಸನೆ ಬಂದ ಹಾಗಾಯಿತು. ಇವರ ತಲೆಯ ಗಾಯಕ್ಕೆ ಹಚ್ಚುವುದಿರಬೇಕು ಎಂದು ಒಬ್ಬಟ್ಟು ಬಡಿಸಲು ಹೋದೆ.

ಬೇಸಿಗೆ ಏರುವ ಹೊತ್ತಿಗೆ ನಮ್ಮವರು ಕೋಲು ಬಿಟ್ಟರು. ಪಾರ್ಕಿನ ಬೆಂಚಿಗೆ ಕೋಲು ಒರಗಿಸಿ, ಒಂದು ಸುತ್ತು ಪೂರ್ತಿ, ಯಾರನ್ನೂ ಹಿಡಿಯದೆ ಬಂದರು. ಸರ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ನನಗೆ ಕಂಡಷ್ಟು ಸರಿಯಾಗಿದೆ" ಅಂದರು.

ಮರುದಿನ ಪಾರ್ಕಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಎತ್ತಲಿಲ್ಲ. ರಸ್ತೆ ದಾಟಿ ಹೋಗಿ ಬಾಗಿಲು ಬಡಿದೆ. ಗೋಡೆ ಹಿಡಿದುಕೊಂಡು ಬಂದು ತೆರೆದರು. ಮೈ ಕೆಂಡ, ಕಣ್ಣು ಕೆಂಪು. "ಒಂಚೂರು ಜ್ವರ" ಅಂದರು. ಎಡಗಾಲಿಗೆ ಸುತ್ತಿದ ಬಟ್ಟೆ ನೋಡಿ ಆಗಲೇ ಆಟೋ ಕರೆದೆ.

ಸೇನಾ ಆಸ್ಪತ್ರೆಯ ಡಾಕ್ಟರು ಬಟ್ಟೆ ಬಿಚ್ಚಿ, ನನ್ನ ಕಡೆ ತಿರುಗಿ, "ಇದು ತಿಂಗಳುಗಳ ಗಾಯ. ಪಾದದ ಅಡಿಯಿಂದ ಮೂಳೆಗೆ ಹೋಗಿದೆ. ವಿಷ ಮೈಗೆ ಏರಿದೆ. ಮನೆಯಲ್ಲಿ ಯಾರೂ ನೋಡಲಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಮನೆಯವಳಲ್ಲ ಎಂದು ಹೇಳಲಿಲ್ಲ. ಕಾಲು ತೆಗೆಯಬೇಕು, ತೆಗೆದರೂ ಹೇಳಲಾಗದು ಎಂದರು.

ಬಟ್ಟೆಬರೆ ತರಲು ಅವರ ಫ್ಲ್ಯಾಟಿಗೆ ಹೋದೆ. ಟವೆಲ್ಲು ತೆಗೆದುಕೊಳ್ಳಲು ಬಚ್ಚಲುಮನೆಯ ಬಾಗಿಲು ತಳ್ಳಿದರೆ, ಒಂದು ಸ್ಟೂಲು. ಅದರ ಪಕ್ಕದಲ್ಲಿ ಹತ್ತಿ, ಬ್ಯಾಂಡೇಜು, ಅಯೋಡಿನ್ ಬಾಟಲಿ. ಸ್ಟೂಲಿನ ಮುಂದೆ, ನೆಲದ ಮೇಲೆ, ಮುಖ ಮೇಲೆ ಮಾಡಿ ಇಟ್ಟಿದ್ದ ದುಂಡನೆಯ ಶೇವಿಂಗ್ ಕನ್ನಡಿ.

ಕ್ಷಣಹೊತ್ತು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅಲ್ಲಿ ಕೂತು, ಕಾಲು ಎತ್ತಿ ಕನ್ನಡಿಯ ಮೇಲೆ ಹಿಡಿದು, ತಮ್ಮ ಅಡಿಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಗೊತ್ತಿತ್ತು ಅವರಿಗೆ. ತೂತು ಎಲ್ಲಿದೆ, ಎಷ್ಟು ದೊಡ್ಡದಿದೆ, ದಿನದಿಂದ ದಿನಕ್ಕೆ ಎಷ್ಟಾಗುತ್ತಿದೆ, ಎಲ್ಲ ಗೊತ್ತಿತ್ತು. ನೋಡಿಕೊಂಡು, ಔಷಧಿ ಹಾಕಿ, ಕಾಲುಚೀಲ ಏರಿಸಿ, ಬೂಟಿಗೆ ಪಾಲಿಶ್ ಹೊಡೆದು, ನನ್ನ ಗಂಡನನ್ನು ನಡೆಸಲು ಬರುತ್ತಿದ್ದರು.

ನನಗೆ ಅಳು ಬರಲಿಲ್ಲ. ಕೆಂಡದಂಥ ಸಿಟ್ಟು ಬಂತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಆ ಸಿಟ್ಟಿನಲ್ಲೇ ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅವರ ಹಾಸಿಗೆಯ ಮೇಲೆ ಬಿದ್ದಿತ್ತು. ಕಾಲು ತೆಗೆಯುವುದು ಸಂಜೆಗೆ ಎಂದಿದ್ದರು.

"ಏನ್ಸರ್ ನೀವು? ಮನುಷ್ಯರಾ ನೀವು? ಒಂದು ಮಾತು, ಒಂದೇ ಒಂದು ಮಾತು ನನಗೆ ಹೇಳೋಕಾಗ್ತಿರ್ಲಿಲ್ವಾ? ಊರವರ ಪ್ಯಾಂಟಿನ ಹೊಲಿಗೆ ನೋಡ್ತೀರಿ, ನಿಮ್ಮ ಕಾಲು ಕೊಳೀತಿರೋದನ್ನ ಕನ್ನಡೀಲಿ ನೋಡಿಕೊಂಡು ಸುಮ್ಮನಿದ್ರಾ? ಯಾಕೆ ಹೇಳಲಿಲ್ಲ?"

ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಸರ್ ಮೆಲ್ಲಗೆ ನಕ್ಕರು. ತುಟಿ ಒಡೆದಿತ್ತು.

"ಹೇಳಿದ್ರೆ ಏನ್ಮಾಡ್ತಿದ್ದೆ?"

"ಅವತ್ತೇ ಎಳಕೊಂಡು ಬಂದು ಇಲ್ಲಿ ಹಾಕ್ತಿದ್ದೆ!"

"ಹೂಂ. ನನ್ನ ಹತ್ರ ಇಲ್ಲಿ ಕೂರ್ತಿದ್ದೆ. ರಾಯರ ಹತ್ರ ಅಲ್ಲಿ ಯಾರು? ಸಾಲಲ್ಲಿ ಯಾರು ನಿಲ್ತಿದ್ರು? ಅವರನ್ನ ಯಾರು ನಡೆಸ್ತಿದ್ರು?" ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಅವರು ಕೋಲು ಬಿಡಲಿ, ಆಮೇಲೆ ಬಂದು ತೋರಿಸೋಣ ಅಂದ್ಕೊಂಡೆ. ಬಿಟ್ರಲ್ಲ. ಇದ್ದದ್ದು ಒಂದೇ ರನ್‌ವೇ ತಂಗಿ. ನೀವು ಮೊದಲು ಇಳೀಬೇಕಿತ್ತು."

ನನ್ನ ಸಿಟ್ಟೆಲ್ಲ ನಿಂತಲ್ಲೇ ಸೋರಿಹೋಯಿತು. ಹಾಸಿಗೆಯ ಕಂಬಿ ಹಿಡಿದು ಕೂತುಬಿಟ್ಟೆ.

ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಆಟದಲ್ಲಿ ಆದ ಮೋಸವನ್ನು ಈಗ ಕಂಡುಹಿಡಿದ ಹುಡುಗನ ದನಿಯಲ್ಲಿ ಹೇಳಿದರು:

"ಅವರಿಗೂ ಗೊತ್ತಿತ್ತು ಕಣಮ್ಮ. ನಮ್ಮ ಸರ್‌ಗೆ. ನನ್ನ ಇಂಧನ ಮುಗಿದಿದೆ ಅಂತ ಮೊದಲು ಇಳಿಸಿದ್ರು, ಅವರಿಗೆ ತಮ್ಮ ಏಟು ಗೊತ್ತಿರಲಿಲ್ಲ ಅಂತ್ಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ. ಗೊತ್ತಿತ್ತು. ಅವರು ಮೊದಲು ಇಳಿದು ರನ್‌ವೇ ಮೇಲೆ ಉರಿದಿದ್ರೆ ನನಗೆ ಇಳಿಯೋಕೆ ಜಾಗ ಇರ್ತಿರಲಿಲ್ಲ. ನೋಡೋಕೆ ಬಿಟ್ಟಿದ್ರೆ ನಾನು ಅವರನ್ನ ಬಿಟ್ಟು ಇಳೀತಿರಲಿಲ್ಲ. ಅದಕ್ಕೇ ನೋಡೋಕೇ ಬಿಡಲಿಲ್ಲ. ನಾನು ಇಳಿಯೋವರೆಗೆ ಕಾಯೋಷ್ಟರಲ್ಲಿ ಅವರಿಗೆ ಹಾರಿಕೊಳ್ಳೋ ಎತ್ತರ ಉಳಿದಿರಲಿಲ್ಲ. ಆ ಕನ್ನಡಿ ಮುಂದೆ ಕೂತಾಗ ಹೊಳೀತು ನನಗೆ. ಎಂಥ ದಡ್ಡ ನೋಡು, ಕಾಲು ಕೊಳೆತ ಮೇಲೆ ತಿಳೀತು."

ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಆದರೆ ಮುಖ ಹಗುರಾಗಿತ್ತು. ಅಷ್ಟು ವರ್ಷದ ಭಾರ ಇಳಿಸಿದ್ದರು. ಇಳಿಸಿ ಎಲ್ಲಿಟ್ಟರು ಎಂದು ಅವರಿಗೆ ತಿಳಿಯಲಿಲ್ಲ, ಪಾಪ. ನನ್ನ ತಲೆಯ ಮೇಲೆ ಇಟ್ಟರು.

"ಸರ್, ಕಾಲು ನೋಡ್ತೀನಿ" ಎಂದೆ. ಬೇಡ ಎನ್ನಲಿಲ್ಲ. ಹೊದಿಕೆ ಸರಿಸಿ, ಬಗ್ಗಿ, ಪಾದದ ಅಡಿಯನ್ನು ನೋಡಿದೆ. ಅದನ್ನು ಬರೆಯಲಾರೆ.

"ಹೇಗಿದೆ?" ಎಂದರು. ಪೈಲಟ್ ಕೇಳುವ ಹಾಗೆ ಕೇಳಿದರು. ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತು.

"ಏಟು ದೊಡ್ಡದಿದೆ ಸರ್."

"ಹೂಂ" ಎಂದು ಕಣ್ಣು ಮುಚ್ಚಿದರು. "ಚೆನ್ನಾಗಿ ನೋಡಿದೆ."

ಕಾಲು ತೆಗೆದರು. ವಿಷ ಅದಾಗಲೇ ಮೇಲೆ ಹೋಗಿತ್ತು. ವಾರ ಮುಗಿಯುವುದರೊಳಗೆ ಸರ್ ಹೋದರು. ಕಂಟೋನ್ಮೆಂಟಿನ ಸ್ಮಶಾನಕ್ಕೆ ಸಮವಸ್ತ್ರದ ಎಳೆಯ ಹುಡುಗರು ಬಂದಿದ್ದರು, ಕಹಳೆ ಊದಿದರು. ಮಡಿಸಿದ ಬಾವುಟವನ್ನು ದುರ್ಗದಿಂದ ಬಂದಿದ್ದ ಅವರ ಅಣ್ಣನ ಮಗನ ಕೈಗೆ ಕೊಟ್ಟರು. ನಮ್ಮವರು ಕೋಲಿಲ್ಲದೆ, ನೆಟ್ಟಗೆ, ಎಡಗಾಲು ಎತ್ತಿ ಎತ್ತಿ ಚಿತೆಯ ಸುತ್ತ ಬಂದರು. ನಾನು ಅದನ್ನು ನೋಡಲಾಗದೆ ಮುಖ ತಿರುಗಿಸಿದೆ.

ಈಗಲೂ ಪಾರ್ಕಿಗೆ ಹೋಗುತ್ತೇವೆ. ನಾನು ಇವರ ಪಕ್ಕ ನಡೆಯುವುದಿಲ್ಲ, ನಾಲ್ಕು ಹೆಜ್ಜೆ ಹಿಂದೆ, ಬಲಕ್ಕೆ. "ಜೊತೆಗೆ ಬಾರೇ, ಜನ ಜಗಳ ಆಡಿದ್ದೀವಿ ಅಂದ್ಕೋತಾರೆ" ಎಂದು ಇವರು ಕರೆಯುತ್ತಾರೆ. "ಅಂದ್ಕೊಳ್ಳಲಿ, ನೀವು ಕಾಲು ಎತ್ತಿ ನಡೀರಿ" ಎನ್ನುತ್ತೇನೆ.

ಮೊನ್ನೆ ಚಳಿ ಶುರುವಾಯಿತು. ಬೆಳಗ್ಗೆ ನಾಲ್ಕಾರು ಸುತ್ತು ಹಾಕಿ, ಹಾಲು ತೆಗೆದುಕೊಂಡು, ತರಕಾರಿಯವನ ಹತ್ತಿರ ಚೌಕಾಸಿ ಮಾಡಿ, ಮೇಲಿನ ಮನೆಯವರ ಜೊತೆ ಮೆಟ್ಟಿಲಲ್ಲಿ ನಿಂತು ಮಾತಾಡಿ ಮನೆಗೆ ಬಂದೆ. ತಲೆ ಬಾಚಲು ಕನ್ನಡಿಯ ಮುಂದೆ ನಿಂತರೆ, ಸ್ವೆಟರ್ ಉಲ್ಟಾ. ಹೊಲಿಗೆಯೆಲ್ಲ ಹೊರಗೆ. ಇಡೀ ಬೆಳಗ್ಗೆ ಹಾಗೇ ಓಡಾಡಿದ್ದೆ, ಒಬ್ಬರೂ ಹೇಳಲಿಲ್ಲ. ಬಾಚಣಿಗೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತೆ.